ಡೊಂಬಿವಲಿಯಲ್ಲೂ ಎಲೆ ಕೆಂಪಾಗುತ್ತದೆ

ಪ್ರತಿ ವರ್ಷ ಅಕ್ಟೋಬರ್ ಬಂತೆಂದರೆ ನನ್ನ ಮೊಬೈಲಿನಲ್ಲಿ ಮೇಪಲ್ ಎಲೆ ಉದುರುವುದಕ್ಕೆ ಶುರು. ಟೊರಾಂಟೊದಿಂದ ಅಕ್ಕನ ಮಗ, ನ್ಯೂಜೆರ್ಸಿಯಿಂದ ಹಳೆಯ ಸಹೋದ್ಯೋಗಿಯ ಮಗಳು, ಮೊಮ್ಮಗುವನ್ನು ನೋಡಿಕೊಳ್ಳಲು ಆರು ತಿಂಗಳಿಗೆಂದು ಹೋದ ಮೈಸೂರಿನ ಸ್ನೇಹಿತರು, ಎಲ್ಲರೂ ಕೆಂಪು ಹಳದಿ ಮರಗಳ ಕೆಳಗೆ ಕೋಟು ಹಾಕಿಕೊಂಡು ನಿಂತು ಫೋಟೋ ಕಳಿಸುತ್ತಾರೆ. ಕಳಿಸಲಿ, ಸಂತೋಷ. ಮರದ ಕೆಳಗೆ ನಿಂತವರನ್ನು ಬಯ್ಯಲು ನನಗೇನು ಹುಚ್ಚೇ? ನನ್ನ ತಕರಾರಿರುವುದು ಆ ಫೋಟೋ ನೋಡಿ ಊರಿನವರು ಆಡುವ ಮಾತಿನ ಬಗ್ಗೆ. "ಪುಣ್ಯವಂತರು ನೀವು. ನಮ್ಮ ಮಾವನನ್ನು ನೋಡಿ, ನಲವತ್ತು ವರ್ಷದಿಂದ ಆ ಡೊಂಬಿವಲಿಯ ಕಾಂಕ್ರೀಟಿನಲ್ಲಿ ಬಿದ್ದಿದ್ದಾರೆ" ಎಂದು ನಮ್ಮ ಮನೆಯ ಹುಡುಗಿಯೇ ಬರೆದಳು. ಅದಕ್ಕೆ ಹನ್ನೊಂದು ಜನ ಹೌದು ಹೌದೆಂದು ತಲೆಯಾಡಿಸಿದರು.

ಬಿದ್ದಿದ್ದಾರಂತೆ! ಈ ಮಾತಿಗೆ ಉತ್ತರ ಕೊಡದೆ ಬಿಟ್ಟರೆ ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಇನ್ಸ್‌ಪೆಕ್ಷನ್ ರಿಪೋರ್ಟುಗಳಿಗೆ ಉತ್ತರ ಬರೆದದ್ದಕ್ಕೆ ಅರ್ಥವಿಲ್ಲ.

ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ, ಕುಂದಾಪುರದ ಕಡೆಯಿಂದ 1984ರಲ್ಲಿ ಮುಂಬಯಿಗೆ ಬಂದವನು ನಾನು. ಫೋರ್ಟಿನ ಶಾಖೆಯಲ್ಲಿ ಕೆಲಸ, ಡೊಂಬಿವಲಿಯಲ್ಲಿ ಮನೆ. ಯಾಕೆ ಡೊಂಬಿವಲಿ ಅಂದರೆ ನಮ್ಮ ಸಂಬಳಕ್ಕೆ ದಕ್ಕಿದ್ದು ಅದೇ. ಥಾಣೆ ದಾಟಿ, ಕಲ್ಯಾಣಕ್ಕೆ ಮೊದಲು. ಬೆಳಗ್ಗಿನ ಫಾಸ್ಟ್ ಲೋಕಲ್ಲಿನಲ್ಲಿ ಒಂದು ಕಾಲು ಊರುವಷ್ಟು ಜಾಗ ಸಿಕ್ಕಿತೆಂದರೆ ಆ ದಿನದ ಅರ್ಧ ಕೆಲಸ ಮುಗಿದಂತೆ. ಕನ್ನಡದವರಿಗೆ ಇಲ್ಲಿ ಕೊರತೆಯೇನಿಲ್ಲ. ಕರ್ನಾಟಕ ಸಂಘವಿದೆ, ಅದು ನಡೆಸುವ ಮಂಜುನಾಥ ವಿದ್ಯಾಲಯವಿದೆ, ಭಜನೆ ಇದೆ, ಯಕ್ಷಗಾನ ಇದೆ. ಊರಿನಲ್ಲಿ ಸಿಗದ ಊರಿನ ತಿಂಡಿಯೂ ಇಲ್ಲಿ ಸಿಗುತ್ತದೆ.

ಬಣ್ಣಕ್ಕಂತೂ ಬರವೇ ಇಲ್ಲ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿತ್ತು. ಕವಿತೆ ಹೇಳುತ್ತಿಲ್ಲ ಸ್ವಾಮೀ, ನಿಜವಾಗಿಯೇ ನೀರು ಹಸಿರಾಗಿತ್ತು. 2020ರ ಫೆಬ್ರವರಿಯಲ್ಲಿ ಎಂ.ಐ.ಡಿ.ಸಿ. ಕಡೆಯ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿ ದೇಶದ ಪತ್ರಿಕೆಗಳಲ್ಲೆಲ್ಲ ಫೋಟೋ ಬಂತು. 2016ರ ಮೇ ತಿಂಗಳಲ್ಲಿ ಒಮ್ಮೆ, 2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ಅಲ್ಲಿನ ಕಾರ್ಖಾನೆಗಳಲ್ಲಿ ಸ್ಫೋಟವಾಗಿ ಜನ ಸತ್ತರು. ಇದನ್ನೆಲ್ಲ ಮುಚ್ಚಿಟ್ಟು ನಾನಿರುವ ಊರನ್ನು ಹೊಗಳುವ ಜಾತಿಯವನಲ್ಲ ನಾನು. ಆದರೆ ಇಂಥ ಊರು ಎಂಬ ಕಾರಣಕ್ಕೇ ಇಲ್ಲಿ ಒಂದು ಮರ ಇದೆಯೋ ಇಲ್ಲವೋ ಎಂಬುದು ದೊಡ್ಡ ಮಾತಾಗುತ್ತದೆ. ಪಶ್ಚಿಮ ಘಟ್ಟದ ಬುಡದಲ್ಲಿ ಒಂದು ಮರ ಹೋದರೆ ಪಕ್ಕದಲ್ಲಿ ಇನ್ನೊಂದಿರುತ್ತದೆ. ನಮ್ಮ ಗಲ್ಲಿಯಲ್ಲಿ ಒಂದು ಹೋದರೆ ಹೋಯಿತು.

ನಮ್ಮ ಸೊಸೈಟಿಯ ಗೇಟಿನ ಪಕ್ಕ ಒಂದು ಬಾದಾಮಿ ಮರವಿದೆ. ಪಾಯಸಕ್ಕೆ ಹಾಕುವ ಬಾದಾಮಿಯಲ್ಲ, ನಮ್ಮ ಕರಾವಳಿಯ ಶಾಲೆಗಳ ಅಂಗಳದಲ್ಲಿ ಮಕ್ಕಳು ಕಲ್ಲಿನಿಂದ ಜಜ್ಜಿ ತಿರುಳು ತೆಗೆದು ತಿನ್ನುವ ಕಾಡು ಬಾದಾಮಿ. ಇಲ್ಲಿನವರು ದೇಶೀ ಬದಾಮ್ ಎನ್ನುತ್ತಾರೆ. ಕೊಂಬೆಗಳು ಅಂತಸ್ತು ಅಂತಸ್ತಾಗಿ, ಕೊಡೆಯ ಮೇಲೊಂದು ಕೊಡೆ ಬಿಚ್ಚಿದ ಹಾಗೆ. ಜನವರಿ ಕಳೆಯುವ ಹೊತ್ತಿಗೆ ಅಂಗೈಗಿಂತ ದೊಡ್ಡದಾದ ಆ ದಪ್ಪ ಎಲೆಗಳು ಮೊದಲು ಅಂಚಿನಲ್ಲಿ ಹಳದಿಯಾಗುತ್ತವೆ, ಆಮೇಲೆ ತಾಮ್ರ, ಆಮೇಲೆ ಪುನರ್ಪುಳಿ ಸಾರಿನ ಗಾಢ ಕೆಂಪು. ಒಂದೇ ಎಲೆಯಲ್ಲಿ ನಾಲ್ಕು ಬಣ್ಣ ಇರುತ್ತದೆ. ಬೆಳಗ್ಗೆ ಏಳೂವರೆಯ ಬಿಸಿಲು ಎದುರು ಬಿಲ್ಡಿಂಗಿನ ಸಂದಿಯಿಂದ ಬಂದು ಅದರ ಹಿಂದೆ ಬಿದ್ದಾಗ ಹಾಲಿನ ಅಂಗಡಿಗೆ ಹೊರಟವರೂ ಒಂದು ಕ್ಷಣ ನಿಲ್ಲುತ್ತಾರೆ. ವಾಶಿ, ನೆರೂಲ್ ಕಡೆಯ ಹಳೆಯ ಸೆಕ್ಟರುಗಳಲ್ಲೂ ಇದೇ ಮರ ಕಾಣಸಿಗುತ್ತದೆ. ಫೋಟೋ ತೆಗೆದು ಯಾರಾದರೂ ಊರಿಗೆ ಕಳಿಸಿದ್ದಾರೆಯೇ? ಇಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಕಟ್ಟಿದವರ ಮಕ್ಕಳು ನಾವು.

ಮೇಪಲ್ಲಿಗೂ ಇದಕ್ಕೂ ಒಳಗಿನ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ. ಎಲೆಯನ್ನು ಕಳಚುವ ಮೊದಲು ಮರ ಅದರಲ್ಲಿದ್ದ ಸಾರಜನಕವನ್ನೂ ಇತರ ಸಾರವನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಶಾಖೆ ಮುಚ್ಚುವ ಮೊದಲು ಹೆಡ್ ಆಫೀಸು ನಗದು ವಾಪಸು ತರಿಸಿಕೊಂಡ ಹಾಗೆ. ಹಸಿರು ಹಿಂದೆ ಸರಿದಾಗ ಅದರಡಿ ಅಡಗಿದ್ದ ಹಳದಿ ಕಾಣುತ್ತದೆ. ಮೇಪಲ್ಲಿನ ಕೆಂಪನ್ನು ಮಾತ್ರ ಮರ ಆಗಲೇ ಹೊಸದಾಗಿ ತಯಾರಿಸುತ್ತದೆ. ಅಲ್ಲಿ ಹಿಮಕ್ಕೆ ಹೆದರಿ ಎಲೆ ಉದುರಿಸಿದರೆ ಇಲ್ಲಿ ಒಣಹವೆಗೆ. ನಮ್ಮ ಬಾದಾಮಿಯ ಹೆಚ್ಚುಗಾರಿಕೆ ಏನೆಂದರೆ ಅದು ಎಷ್ಟೋ ಸಲ ವರ್ಷಕ್ಕೆ ಎರಡು ಬಾರಿ ಉದುರುತ್ತದೆ. ಥಾಣೆಯವರಾದರೆ ಇನ್ನೂ ಅದೃಷ್ಟವಂತರು. ಮಾರ್ಚಿನಲ್ಲಿ ಯೇವೂರಿನ ಗುಡ್ಡಕ್ಕೆ ಹೋದರೆ ಇಲ್ಲಿನವರು ಕೋಶಿಂಬ ಎನ್ನುವ, ನಮ್ಮವರು ಸಾಗಡೆ ಎನ್ನುವ ಮರ ಬೆಂಕಿ ಹತ್ತಿದಂತೆ ಚಿಗುರಿರುತ್ತದೆ. ಅದು ಸಾಯುವ ಎಲೆಯ ಕೆಂಪಲ್ಲ, ಹುಟ್ಟುವ ಎಲೆಯ ಕೆಂಪು. ಸ್ಟೇಷನ್ ಪಕ್ಕದ ಅರಳಿಯೂ ಆಗ ತಾಮ್ರದ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ.

ನಮ್ಮ ಪರಿಚಯದವರೊಬ್ಬರು ಇದನ್ನೆಲ್ಲ ಬಿಟ್ಟು ಆನ್‌ಲೈನಿನಲ್ಲಿ ಜಪಾನಿ ಮೇಪಲ್ ಸಸಿ ತರಿಸಿದರು. ಚಳಿ ಬೇಕೆಂದು ಅದನ್ನು ಏ.ಸಿ. ಕೋಣೆಯಲ್ಲಿಟ್ಟರು. ಚಳಿಗಾಲವಿಡೀ ನಿದ್ದೆ ಮಾಡಬೇಕಾದ ಗಿಡ ಅದು, ಮೂರು ತಾಸಿನ ಏ.ಸಿ. ಯಾವ ಲೆಕ್ಕ! ಮೇ ತಿಂಗಳಿಗೆ ಕಡ್ಡಿ ಉಳಿಯಿತು. ಕರೆಂಟ್ ಬಿಲ್ಲಿನ ವಿಷಯ ನಾನು ಕೇಳಲಿಲ್ಲ.

ಈಗ ಗುಲಾಬಿಗೆ ಬರುತ್ತೇನೆ. ನನ್ನ ಮುಖ್ಯ ವಾದ ನಿಂತಿರುವುದು ಗುಲಾಬಿಯ ಮೇಲೆಯೇ.

ಟೆರೇಸಿನಲ್ಲಿ ನನ್ನವು 22 ಕುಂಡಗಳು. ಸ್ಲ್ಯಾಬು ಸೋರದಂತೆ ಇಟ್ಟಿಗೆಯ ಮೇಲೆ ಎತ್ತಿಟ್ಟು, ಕೆಳಗೆ ತಟ್ಟೆ ಇಟ್ಟು, ಸೊಸೈಟಿಯಿಂದ ಲಿಖಿತ ಒಪ್ಪಿಗೆ ಪಡೆದೇ ಇಟ್ಟದ್ದು. ದಾದರಿನ ಹೂವಿನ ಮಾರುಕಟ್ಟೆಯಲ್ಲಿ ಒಂದು ಕಾಲದಲ್ಲಿ ರಾಶಿ ರಾಶಿಯಾಗಿ ಬರುತ್ತಿದ್ದ ಗ್ಲಾಡಿಯೇಟರ್ ಇದೆ, ಊರಿನ ದೇವರ ಪೂಜೆಗೆ ಆಗುವಂಥ ಪನ್ನೀರು ಗುಲಾಬಿ ಇದೆ, ಹೆಂಡತಿಯ ಮುಡಿಗೆಂದು ಬಟನ್ ಗುಲಾಬಿ ಇದೆ. ಮಳೆಗಾಲದಲ್ಲಿ ಅವುಗಳ ಅವಸ್ಥೆ ನೋಡಬಾರದು. ಎಲೆಗೆ ಕಪ್ಪು ಚುಕ್ಕೆ, ಕೆಳಗಿನಿಂದ ಬೋಳು, ಕೊಂಬೆಗಳು ತುದಿಯಿಂದ ಕಪ್ಪಾಗಿ ಒಣಗುತ್ತಾ ಕೆಳಗಿಳಿಯುವ ರೋಗ. ಮಳೆ ನಿಂತ ಮೇಲೆ, ಅಕ್ಟೋಬರ್ ನಡುವಿನಲ್ಲಿ, ಅವುಗಳನ್ನು ಸವರಬೇಕು. ದ್ರಾಕ್ಷಿ ತೋಟದವರು ಇದನ್ನೇ ಚಾಟನಿ ಎನ್ನುತ್ತಾರೆ.

ಸವರುವುದು ಎಂದರೆ ಕತ್ತರಿ ಹಿಡಿದು ನುಗ್ಗುವುದಲ್ಲ. ಮೊದಲು ಗಿಡವನ್ನು ಸುತ್ತ ತಿರುಗಿ ನೋಡಬೇಕು. ಸತ್ತ ಕೊಂಬೆ ತೆಗೆ, ರೋಗದ ಕೊಂಬೆ ತೆಗೆ, ಒಂದಕ್ಕೊಂದು ಉಜ್ಜುವ ಎರಡರಲ್ಲಿ ಸೊರಗಿದ್ದನ್ನು ತೆಗೆ. ಕಸಿಯ ಗಂಟಿನ ಕೆಳಗಿನಿಂದ ಏಳುವ ಕಾಡು ಚಿಗುರನ್ನು ಬುಡದಿಂದಲೇ ಕೀಳು, ಇಲ್ಲವಾದರೆ ಎರಡು ವರ್ಷದಲ್ಲಿ ಅದೇ ಯಜಮಾನನಾಗಿ ನಿನ್ನ ಗುಲಾಬಿ ಕಾಣೆಯಾಗುತ್ತದೆ. ಗಟ್ಟಿಯಾದ ನಾಲ್ಕೈದು ಕೊಂಬೆ ಉಳಿದ ಮೇಲೆ, ಪ್ರತಿಯೊಂದರಲ್ಲೂ ಹೊರಕ್ಕೆ ಮುಖ ಮಾಡಿದ ಕಣ್ಣು ಹುಡುಕಬೇಕು. ಒಳಕ್ಕೆ ನೋಡುವ ಕಣ್ಣಿನ ಮೇಲೆ ಕತ್ತರಿಸಿದರೆ ಚಿಗುರು ಒಳಕ್ಕೇ ಬಂದು ಗಿಡದ ನಡುವೆ ಗಾಳಿಯಾಡುವುದಿಲ್ಲ. ಆ ಹೊರಗಣ್ಣಿನಿಂದ ಕಾಲಿಂಚು ಮೇಲೆ, ನೀರು ನಿಲ್ಲದ ಹಾಗೆ ಓರೆಯಾಗಿ ಒಂದೇ ಏಟು. ಕತ್ತರಿ ಹರಿತವಾಗಿರಬೇಕು, ಸಿಪ್ಪೆ ಜಜ್ಜಬಾರದು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಗಾಯಕ್ಕೆ ತಾಮ್ರದ ಔಷಧಿಯ ಲೇಪ, ಇಲ್ಲದಿದ್ದರೆ ಅರಿಸಿನ. ಚಳಿ ದೇಶದವರ ಪುಸ್ತಕ ನೋಡಿ ಮೊಳಕಾಲೆತ್ತರಕ್ಕೆ ಬೋಳಿಸಿದಿರೋ, ನಮ್ಮ ಅಕ್ಟೋಬರಿನ ಬಿಸಿಲಿಗೆ ಗಿಡ ಸುಟ್ಟುಹೋಗುತ್ತದೆ. ಇಲ್ಲಿ ಅರ್ಧದಷ್ಟು ಉಳಿಸಿದರೆ ಕ್ಷೇಮ. ಆಮೇಲೆ ಹಟ್ಟಿಗೊಬ್ಬರ, ಬೇವಿನ ಹಿಂಡಿ. ಸುಮಾರು ಐವತ್ತು ದಿನಕ್ಕೆ, ಡಿಸೆಂಬರಿನ ಮೊದಲ ವಾರ, ಹೂವು. ಗೋಧಿ ತಳಿಗಳಿಗೆ ಹೆಸರಾದ ವಿಜ್ಞಾನಿ ಡಾ. ಬಿ.ಪಿ. ಪಾಲ್, ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮೊದಲ ಮಹಾನಿರ್ದೇಶಕರು, ಗುಲಾಬಿಯ ತಳಿಗಳನ್ನೂ ತಯಾರಿಸಿದವರು. ದೇಶಕ್ಕೆ ಅನ್ನ ಕೊಡುವವನಿಗೆ ಗುಲಾಬಿಗೆ ಪುರುಸೊತ್ತು ಇತ್ತು. ನಮಗಿಲ್ಲವಂತೆ.

(ಕಸಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಾನು ನಿವೃತ್ತನಾದ ಮರುವರ್ಷ, 2020ರ ಏಪ್ರಿಲ್ 1ರಂದು, ನಾನಿದ್ದ ಬ್ಯಾಂಕೇ ಇನ್ನೊಂದು ಬ್ಯಾಂಕಿಗೆ ಕಸಿಯಾಯಿತು. ಬೇರು ಯಾರದು ಕಣ್ಣು ಯಾರದು ಎಂದು ನಮ್ಮ ಪಿಂಚಣಿದಾರರ ಕೂಟದಲ್ಲಿ ಈಗಲೂ ಜಗಳವಿದೆ.)

ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಅಂದರೆ, ಕತ್ತರಿಸುವುದಕ್ಕೂ ಒಂದು ವಿದ್ಯೆ ಇದೆ, ಎಲ್ಲಿ ನಿಲ್ಲಿಸಬೇಕು ಎಂಬುದೇ ಆ ವಿದ್ಯೆ, ಎಂದು ತೋರಿಸುವುದಕ್ಕೆ. ಈಗ ಮೇ ತಿಂಗಳ ಕೊನೆಯಲ್ಲಿ ನಮ್ಮ ಬೀದಿಗಳಲ್ಲಿ ನಡೆಯುವುದನ್ನು ನೋಡಿ. ಮಳೆಗೆ ಮೊದಲು ಮರ ಸವರುವ ಕೆಲಸವೆಂದು ಸೊಸೈಟಿಯವರು ಯಾರನ್ನೋ ಕರೆಯುತ್ತಾರೆ. ಕೊಯ್ತಾ ಹಿಡಿದ ಇಬ್ಬರು ಬರುತ್ತಾರೆ. ಪಾರ್ಕಿಂಗ್ ಕಡೆಯ ಕೊಂಬೆಗಳನ್ನೆಲ್ಲ ಬುಡದಿಂದ ಕಡಿದು, ರಸ್ತೆ ಕಡೆಯದನ್ನು ಹಾಗೇ ಬಿಟ್ಟು ಹೋಗುತ್ತಾರೆ. ಕಡಿದ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಒಂದು ಮೊಳ ಸೀಳಿಕೊಂಡು ಬೀಳುತ್ತದೆ. ಆ ಗಾಯದಲ್ಲಿ ನೀರು ಇಳಿದು ಒಳಗೆ ಕೊಳೆ ಶುರು. ಭಾರವೆಲ್ಲ ಒಂದೇ ಕಡೆ. ಜುಲೈಯ ಗಾಳಿಗೆ ಮರ ಬೀಳುತ್ತದೆ. ಬಿದ್ದ ಮೇಲೆ ಅದೇ ಜನ, "ನೋಡಿದಿರಾ, ಮರ ಅಪಾಯ ಅಂತ ನಾವು ಹೇಳಿರಲಿಲ್ಲವೇ?" ಸಾಲಗಾರನನ್ನು ತಾವೇ ಮುಳುಗಿಸಿ ಆಮೇಲೆ ಖಾತೆ ಕೆಟ್ಟಿತು ಎಂದು ಟಿಪ್ಪಣಿ ಬರೆಯುವ ಮ್ಯಾನೇಜರುಗಳನ್ನು ನಾನು ಕಂಡಿದ್ದೇನೆ.

ಕಾನೂನಿಲ್ಲವೇ? ಇದೆ. ಮಹಾರಾಷ್ಟ್ರದ ನಗರ ಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆ 1975ರದು. ಅದರಲ್ಲಿ ಮರ ಉರುಳಿಸುವುದು ಎಂದರೆ ಬುಡ ಕಡಿಯುವುದು ಮಾತ್ರವಲ್ಲ, ಸುಡುವುದು, ಹಾನಿ ಮಾಡುವುದೂ ಸೇರುತ್ತದೆ. ನಿಮ್ಮ ಕರ್ನಾಟಕದ ಕಾಯ್ದೆ ಅದರ ಮರುವರ್ಷದ್ದು, 1976. ಎರಡೂ ಕಡೆ ಕಾಯ್ದೆಗೆ ಐವತ್ತು ತುಂಬಿತು. ಕೊಯ್ತಾ ಹಿಡಿದವನಿಗೆ ಸುದ್ದಿ ಮುಟ್ಟಿಲ್ಲ.

ಹಾಗೆಂದು ಎದುರು ಪಕ್ಷದ ಮಾತಿನಲ್ಲಿ ಹುರುಳೇ ಇಲ್ಲವೆನ್ನುವುದಿಲ್ಲ. ಮರ ಬಿದ್ದು ಮನುಷ್ಯರು ಸತ್ತಿದ್ದಾರೆ. ಬಾದಾಮಿಯ ದಪ್ಪ ಎಲೆ ಚರಂಡಿಯ ಬಾಯಿಗೆ ತಟ್ಟೆ ಮುಚ್ಚಿದ ಹಾಗೆ ಕೂರುವುದೂ ನಿಜ. ಆದರೆ ಕೆಮ್ಮು ಬಂತೆಂದು ಕುತ್ತಿಗೆ ಕೊಯ್ಯುತ್ತಾರೆಯೇ? ನಮ್ಮ ಸೆಕ್ರೆಟರಿಯವರು ಸಭೆಯಲ್ಲಿ "ಕಾಕಾ, ಕಚರಾ ಕಿತೀ ಹೋತೋ ಬಘಾ" ಎಂದರು, ಎಷ್ಟು ಕಸವಾಗುತ್ತದೆ ನೋಡಿ ಎಂದು. ನಾನು ಕಲ್ಯಾಣದ ಒಂದು ಅಕ್ವೇರಿಯಂ ಅಂಗಡಿಯಿಂದ ತಂದಿದ್ದ ಸಣ್ಣ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟೆ. ಒಳಗಿದ್ದದ್ದು ಒಣಗಿದ ಬಾದಾಮಿ ಎಲೆ. ಅದರ ಒಗರು ನೀರಿಗಿಳಿದರೆ ಮೀನಿಗೆ ಒಳ್ಳೆಯದೆಂದು ಹಣ ಕೊಟ್ಟು ಕೊಳ್ಳುತ್ತಾರೆ. ನಾವು ಅದೇ ಎಲೆಯನ್ನು ಹೊರಹಾಕಲು ಹಣ ಕೊಡುತ್ತೇವೆ! ತೋಟದ ಕಸವನ್ನು ಬೇರೆಯಾಗಿಡಬೇಕು, ಸುಡಬಾರದು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ನಾನು ಎರಡು ಹಳೆಯ ಡ್ರಮ್ಮಿಗೆ ತೂತು ಕೊರೆಸಿ ಎಲೆ ತುಂಬಿಸುತ್ತಾ ಬಂದಿದ್ದೇನೆ. ಬಾದಾಮಿ ಎಲೆ ನಿಧಾನ, ಚೂರು ಮಾಡಿ ಹಾಕಿದರೂ ಮಣ್ಣಾಗಲು ತಿಂಗಳುಗಟ್ಟಲೆ ಬೇಕು. ಆದ ಮೇಲೆ ಗುಲಾಬಿಗೆ ಅಂಥ ಗೊಬ್ಬರ ಮತ್ತೊಂದಿಲ್ಲ.

ಆದರೆ ನನ್ನ ನಿಜವಾದ ಸಿಟ್ಟು ಸೆಕ್ರೆಟರಿಯ ಮೇಲಲ್ಲ. ಅವರಿಗೆ ಎಲೆ ಕಸ, ಹೇಳಿದರು, ಮುಗಿಯಿತು. ಸಿಟ್ಟು ನಮ್ಮವರ ಮೇಲೆ. ನಮ್ಮ ಸೊಸೈಟಿಯ 32 ಮನೆಗಳಲ್ಲಿ ಒಂಬತ್ತು ಕನ್ನಡದವು. ಮರದ ವಿಷಯ ಬಂದಾಗ ಒಬ್ಬರೂ ತುಟಿ ಬಿಚ್ಚಲಿಲ್ಲ. ಹೊರಗೆ ಮೆಟ್ಟಿಲ ಹತ್ತಿರ ಕೇಳಿದರೆ, "ನಮಗ್ಯಾಕೆ ಮಾರಾಯ್ರೆ ಈ ಉಸಾಬರಿ? ನಾವು ನಾಳೆ ಊರಿಗೆ ಹೋಗುವವರು." ಈ 'ನಾಳೆ'ಯನ್ನು ನಾನು 1984ರಿಂದ ಕೇಳುತ್ತಿದ್ದೇನೆ. ಮಗಳ ಮದುವೆಯಾದ ಮೇಲೆ, ಮಗನಿಗೆ ಕೆಲಸ ಸಿಕ್ಕ ಮೇಲೆ, ರಿಟೈರಾದ ಮೇಲೆ, ಮೊಮ್ಮಗ ಶಾಲೆಗೆ ಸೇರಿದ ಮೇಲೆ. ತೀರುವಳಿಯಾಗದ ಸಾಲವನ್ನು ಪ್ರತಿ ಮಾರ್ಚಿನಲ್ಲಿ ಹೊಸ ಸಾಲ ಕೊಟ್ಟು ನವೀಕರಿಸುವುದಕ್ಕೆ ಬ್ಯಾಂಕಿನಲ್ಲಿ ಎವರ್‌ಗ್ರೀನಿಂಗ್ ಎನ್ನುತ್ತೇವೆ. ನಮ್ಮವರಿಗೆ ಗೊತ್ತಿರುವ ಹಸಿರು ಅದೊಂದೇ. ನಾಳೆ ಹೋಗುವವನು ಗಿಡ ಯಾಕೆ ನೆಡುತ್ತಾನೆ? ನಾಳೆ ಹೋಗುವವನು ಮರಕ್ಕಾಗಿ ಯಾಕೆ ಜಗಳ ಕಾಯುತ್ತಾನೆ? ಹೀಗೆ ನಾಲ್ಕು ದಶಕ ಬಾಡಿಗೆಯವರ ಮನಸ್ಸಿನಲ್ಲಿ ಸ್ವಂತ ಮನೆಯಲ್ಲಿ ಕಳೆದವರು ಸಾವಿರ ಸಾವಿರ. ನಮ್ಮ ಸಭೆಗಳಲ್ಲಿ ಸಾಲುಮರದ ತಿಮ್ಮಕ್ಕನವರ ಹೆಸರು ಬಂದರೆ ಚಪ್ಪಾಳೆ ತಟ್ಟುತ್ತೇವೆ. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜನ ಉಕ್ಕಿನ ಸೇತುವೆಗೆ ಮರ ಕಡಿಯಬೇಡಿ ಎಂದು ಕೈ ಕೈ ಹಿಡಿದು ನಿಂತದ್ದನ್ನು ಟಿ.ವಿ.ಯಲ್ಲಿ ನೋಡಿ, ಮರುವರ್ಷ ಯೋಜನೆ ಕೈಬಿಟ್ಟಾಗ "ನಮ್ಮವರು ಗೆದ್ದರು" ಎಂದೆವು. 2019ರ ಅಕ್ಟೋಬರಿನಲ್ಲಿ ಇಲ್ಲೇ ಆರೆ ಕಾಲೊನಿಯಲ್ಲಿ ರಾತ್ರೋರಾತ್ರಿ ಮರ ಕಡಿದಾಗ ಅದು 'ಅವರ' ಸಮಸ್ಯೆ.

ಊರಿನ ಓದುಗರೇ, ನೀವೂ ತಪ್ಪಿಸಿಕೊಳ್ಳುವಂತಿಲ್ಲ. "ನೀವು ಬಂದುಬಿಡಿ, ಇಲ್ಲಿ ಹಸಿರು ಇದೆ" ಎಂದು ಕರೆಯುವವರು ನೀವು. ಬಂದು ನೋಡುತ್ತೇನೆ. ನನ್ನ ಚಿಕ್ಕಪ್ಪನ ಮನೆಯ ಅಂಗಳಕ್ಕೆ ಈ ತುದಿಯಿಂದ ಆ ತುದಿಗೆ ಇಂಟರ್‌ಲಾಕ್ ಇಟ್ಟಿಗೆ. ಕಾರು ನಿಲ್ಲಿಸಲು ಶೀಟು ಹಾಕಬೇಕಿತ್ತೆಂದು ರಂಜೆ ಮರ ಹೋಯಿತು. ಆ ರಂಜೆ ಹೂವನ್ನು ಬಾಳೆಹಗ್ಗದಲ್ಲಿ ಪೋಣಿಸಿ ದೊಡ್ಡಮ್ಮ ಮುಡಿಯುತ್ತಿದ್ದರು. ಈಗ ಜಗಲಿಯ ಮೇಲೆ ಪ್ಲಾಸ್ಟಿಕ್ ಗುಲಾಬಿ, ವರ್ಷಕ್ಕೊಮ್ಮೆ ಸಾಬೂನು ನೀರಿನಲ್ಲಿ ತೊಳೆಯುತ್ತಾರೆ. ಮಣ್ಣಿದ್ದೂ ಮುಚ್ಚಿದವರು, ಮಣ್ಣನ್ನು ಗೋಣಿಚೀಲದಲ್ಲಿ ಮೂರು ಮಹಡಿ ಹೊತ್ತವನಿಗೆ ಅಯ್ಯೋ ಪಾಪ ಎನ್ನುವುದು ಯಾವ ನ್ಯಾಯ? ಹೂವು ಬೇಕಾದರೆ ಜನವರಿಯಲ್ಲಿ ಲಾಲ್‌ಬಾಗಿಗೆ ಹೋಗಿ ಕ್ಯೂ ನಿಂತು ಗಾಜಿನ ಮನೆಯೊಳಗೆ ನೋಡಿ ಬರುತ್ತೀರಿ. ಒಳ್ಳೆಯದು. ಆದರೆ ಟಿಕೆಟ್ ತೆಗೆದು ನೋಡುವುದು ಬೇರೆ, ಮುಳ್ಳು ಚುಚ್ಚಿಸಿಕೊಂಡು ಬೆಳೆಸುವುದು ಬೇರೆ.

ಈಗ ನಮ್ಮ ಕಟ್ಟಡಕ್ಕೆ ರೀಡೆವಲಪ್‌ಮೆಂಟ್ ಬಂದಿದೆ. ನಾನು ಅದರ ವಿರೋಧಿಯಲ್ಲ. ಲಿಫ್ಟಿಲ್ಲದ ಕಟ್ಟಡ, ನಮ್ಮದು ಮೂರನೇ ಮಹಡಿ, ನನ್ನ ಹೆಂಡತಿಯ ಮಂಡಿಗಳು ದಿನಾ ಸಾಕ್ಷಿ ಹೇಳುತ್ತವೆ. ಹೊಸ ಕಟ್ಟಡ ಬೇಕು, ಲಿಫ್ಟು ಬೇಕು. ಆದರೆ ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಿಕೆ ತೆರೆದರೆ ಏನು ಕಂಡಿತು ಗೊತ್ತೇ? ಪಾರ್ಕಿಂಗಿನ ಚಾವಣಿಯ ಮೇಲೆ ಉದ್ಯಾನವಂತೆ, ಅದರಲ್ಲಿ ಕಂಪ್ಯೂಟರಿನಲ್ಲಿ ಬಿಡಿಸಿದ ಸಾಲು ಮರಗಳು, ಕೆಂಪಗೆ, ಐದು ಮೂಲೆಯ ಎಲೆ. ಮೇಪಲ್! ನಿಜವಾಗಿ ಕೆಂಪಾಗುವ ಬಾದಾಮಿ ಮರದ ಜಾಗದಲ್ಲಿ ನಕ್ಷೆಯಲ್ಲಿ ಬರೆದದ್ದು 'ಪ್ರವೇಶ ದ್ವಾರ'.

ನಾನು ಲಿಖಿತ ಆಕ್ಷೇಪ ಕೊಟ್ಟಿದ್ದೇನೆ. ಗೇಟನ್ನು ಹನ್ನೆರಡು ಅಡಿ ಎಡಕ್ಕೆ ಸರಿಸಿದರೆ ಮರ ಉಳಿಯುತ್ತದೆ, ಟೇಪು ಹಿಡಿದು ಅಳೆದೇ ಬರೆದದ್ದು. ಮರದ ಬೇರಿನ ಸುತ್ತ ಕಾಂಕ್ರೀಟು ಹಾಕಬಾರದು, ಕೆಲಸ ನಡೆಯುವಾಗ ಬೇಲಿ ಕಟ್ಟಬೇಕು, ಇದು ಒಪ್ಪಂದದಲ್ಲೇ ಬರಬೇಕು, ಬಾಯಿಮಾತು ಬೇಡ. ಕಡಿಯಲೇಬೇಕೆಂದು ಹಟ ಹಿಡಿದರೆ, 2021ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಪ್ರಕಾರ ಕಡಿದ ಮರದ ವಯಸ್ಸೆಷ್ಟೋ ಅಷ್ಟು ಸಸಿ ನೆಡಬೇಕು. ನಮ್ಮ ಮರಕ್ಕೆ ಮೂವತ್ತೆಂಟರ ಹತ್ತಿರ. ಆ ಮೂವತ್ತೆಂಟು ಸಸಿ ಎಲ್ಲಿ ನೆಡುತ್ತೀರಿ ಎಂದು ನಕ್ಷೆಯಲ್ಲಿ ತೋರಿಸಿ ಎಂದೂ ಕೇಳಿದ್ದೇನೆ. ಬಿಲ್ಡರಿನ ಕಡೆಯ ಹುಡುಗ ನಕ್ಕು, "ಸರ್, ಅದೆಲ್ಲ ಆಮೇಲೆ ಆಗುತ್ತದೆ" ಎಂದ. ಆಮೇಲೆ ಎಂಬ ಹೆಸರಿನ ಖಾತೆಯಲ್ಲಿ ಜಮೆಯಾದದ್ದನ್ನು ನಾನು ಸರ್ವಿಸಿನಲ್ಲಿ ಒಮ್ಮೆಯೂ ಕಂಡಿಲ್ಲ.

ಸಭೆ ದೀಪಾವಳಿಗೆ ಮೊದಲೇ ಇದೆ. ಆಕ್ಷೇಪಕ್ಕೆ ಹತ್ತು ಮಂದಿ ಮರಾಠಿಗರು, ಇಬ್ಬರು ಗುಜರಾತಿಗಳು, ಒಬ್ಬರು ಮಲಯಾಳಿ ಟೀಚರ್ ಸಹಿ ಹಾಕಿದ್ದಾರೆ. ಕನ್ನಡದ ಒಂಬತ್ತು ಮನೆಗಳಲ್ಲಿ, ನನ್ನದೂ ಸೇರಿ, ಐದು ಸಹಿ ಬಂದಿವೆ. ಉಳಿದ ನಾಲ್ವರು ಊರಿಗೆ ಹೋಗಿದ್ದಾರೆ, ಹಬ್ಬ ಮುಗಿಸಿ ಬರುತ್ತಾರಂತೆ. ಸೊಸೈಟಿಯ ಸಭೆಯಲ್ಲಿ ಬದಲಿ ಮತ ನಡೆಯುವುದಿಲ್ಲ. ಅವರು ಉಳಿದುಕೊಂಡಿರುವುದು ನಿಮ್ಮ ಮನೆಯಲ್ಲೇ ಆಗಿದ್ದರೆ, ಕಾಫಿ ಕೊಟ್ಟ ಮೇಲೆ ಇವತ್ತೇ ರೈಲಿಗೆ ಹತ್ತಿಸಿ.